ಇಂಜಿನ್ ನಿಲ್ಲಿಸಿದ ಮೇಲಿನ ಇಪ್ಪತ್ತು ನಿಮಿಷ

ಬಿ.ಪಿ. ನೋಡುವುದಕ್ಕೆ ಮೊದಲು ಐದು ನಿಮಿಷ ತೆಪ್ಪಗೆ ಕೂತಿರಬೇಕಂತೆ. ನಮ್ಮ ಬಡಾವಣೆಯ ಕ್ಲಿನಿಕ್ಕಿನ ನರ್ಸ್ ಹೇಳಿದ್ದು. ಮೆಟ್ಟಿಲು ಹತ್ತಿ ಬಂದವನೇ ಅಂಗಿಯ ತೋಳು ಮಡಚಿ, "ಬೇಗ ನೋಡಿಬಿಡಿ ಸಿಸ್ಟರ್, ಮನೆಗೆ ಹಾಲು ತಗೊಂಡು ಹೋಗ್ಬೇಕು" ಎಂದೆ. ಆಕೆ ತೋಳಿಗೆ ಸುತ್ತುವ ಪಟ್ಟಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. "ಈಗ ನೋಡಿದ್ರೆ ಸುಳ್ಳು ಬರತ್ತೆ ಸಾರ್. ಸುಮ್ನೆ ಕೂತ್ಕೊಳ್ಳಿ" ಎಂದು ಬೆಂಚು ತೋರಿಸಿದಳು.

ಕೂತೆ. ಎದುರಿಗೆ ಗೋಡೆ, ಗೋಡೆಯ ಮೇಲೊಂದು ಕ್ಯಾಲೆಂಡರು. ಅದರಲ್ಲಿ ಏಕಾದಶಿ ಯಾವತ್ತು ಎಂದು ನೋಡಿ ಮುಗಿಸಲು ಅರ್ಧ ನಿಮಿಷ ಸಾಕು. ಉಳಿದ ನಾಲ್ಕೂವರೆ ನಿಮಿಷ ಮನಸ್ಸು ತನಗೆ ಬೇಕಾದಲ್ಲಿಗೆ ಹೋಗುತ್ತದೆ. ನನ್ನದು ಪ್ರತಿ ಸಲವೂ ಪುಟ್ಟೇನಹಳ್ಳಿ ಕೆರೆಯ ಪಕ್ಕದ ಒಂದು ಶೀಟಿನ ಶೆಡ್ಡಿಗೆ ಹೋಗಿ ನಿಲ್ಲುತ್ತದೆ. ಹೋಗಬೇಡವೆಂದರೂ ಕೇಳುವುದಿಲ್ಲ. ಅಲ್ಲಿಂದ ಮರಳಿದ ಮೇಲೆ ನರ್ಸ್ ನೋಡುವ ಬಿ.ಪಿ. ಸಹಜವಾಗಿಯೇ ಜಾಸ್ತಿ ಇರುತ್ತದೆ.

ಒತ್ತಡ ಅಳೆಯುವ ಚಪಲ ನನಗೆ ಚಿಕ್ಕಂದಿನಿಂದಲೂ ಇತ್ತು. ಜಯನಗರದ ನಮ್ಮ ಮನೆಯಲ್ಲಿ ಹಿತ್ತಾಳೆಯ ಪಂಪ್ ಸ್ಟೌ ಒಂದಿತ್ತು. ಅಮ್ಮ ಅದಕ್ಕೆ ಸೀಮೆಎಣ್ಣೆ ತುಂಬಿ, ಪಿನ್ ಹಾಕಿ, ಗಾಳಿ ಹೊಡೆದು ಹಚ್ಚಿದರೆ ಅಡುಗೆಮನೆಯೆಲ್ಲ ಬುಸ್ಸೆಂದು ಮೊರೆಯುತ್ತಿತ್ತು. ಅಮ್ಮ ದೇವರ ಕೋಣೆಯಲ್ಲಿ ಹೂ ಮುಡಿಸುತ್ತ ಕೂತಿದ್ದರೂ ಆ ಸದ್ದಿನಲ್ಲಿ ಎಳ್ಳಷ್ಟು ವ್ಯತ್ಯಾಸವಾದರೆ ತಿಳಿಯುತ್ತಿತ್ತು. "ಲೋ, ಇನ್ನೆರಡು ಪಂಪ್ ಹೊಡಿ, ಗಾಳಿ ಇಳಿದಿದೆ" ಎಂದು ಕೂಗುತ್ತಿದ್ದಳು. ನಾನು ಸ್ಟೌವಿನ ಪಕ್ಕದಲ್ಲೇ ಕೂತಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. "ಇದಕ್ಕೊಂದು ಗಡಿಯಾರದ ಥರ ಮುಳ್ಳು ಇಡಬೇಕಮ್ಮ, ಎಷ್ಟು ಗಾಳಿ ಇದೆ ಅಂತ ತೋರಿಸೋಕೆ" ಎಂದರೆ, "ಕಿವಿ ಯಾಕೆ ಕೊಟ್ಟಿದ್ದಾನೆ ದೇವರು, ಹಿಂಡಿಸಿಕೊಳ್ಳೋಕಾ?" ಎನ್ನುತ್ತಿದ್ದಳು. ಕಿವಿ ಕೆಲಸಕ್ಕೆ ಬಾರದವನಿಗೆ ಮುಳ್ಳೇ ದೇವರು. ಮುಂದೆ ನಾನು ಮೆಕ್ಯಾನಿಕಲ್ ಓದಿ ಪಾಲಿಟೆಕ್ನಿಕ್ ಒಂದರಲ್ಲಿ ಮೇಷ್ಟ್ರಾದದ್ದಕ್ಕೆ ಇದೂ ಒಂದು ಕಾರಣವಿರಬಹುದು. ಇಂಜಿನ್ನಿನ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿಕೊಂಡು ಬಿಡಿಸುತ್ತಿದ್ದೆ. ನನ್ನ ಸ್ಕೂಟರು ದಾರಿಯಲ್ಲಿ ನಿಂತರೆ ಮಾತ್ರ ತಳ್ಳಿಕೊಂಡು ಬರುತ್ತಿದ್ದೆ.

ತಳ್ಳಿಕೊಂಡು ಬರುತ್ತಿದ್ದುದು ಬಸವರಾಜನ ಶೆಡ್ಡಿಗೆ. ತೊಂಬತ್ತರ ದಶಕದ ನಡುವಿನ ಮಾತು. ನಾನೂ ನನ್ನ ಹೆಂಡತಿ ಸುಧಾಳೂ ಪುಟ್ಟೇನಹಳ್ಳಿಯ ಹತ್ತಿರ ಮುನಿಯಪ್ಪನವರ ಮನೆಯಲ್ಲಿ ಬಾಡಿಗೆಗಿದ್ದೆವು. ಮುನಿಯಪ್ಪನವರು ಕೋಣನಕುಂಟೆಯವರು. ಹೊಲವೆಲ್ಲ ಬಡಾವಣೆಯಾದ ಮೇಲೆ ಅಲ್ಲೊಂದು ಇಲ್ಲೊಂದು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಕೆರೆಯ ಪಕ್ಕದ ಖಾಲಿ ಸೈಟಿನಲ್ಲಿ ಶೆಡ್ಡು ಹಾಕಿಕೊಳ್ಳಲು ಬಸವರಾಜನಿಗೆ ಜಾಗ ಕೊಟ್ಟವರೂ ಅವರೇ. ಬಸವರಾಜ ಗದಗದ ಕಡೆಯವನು. ಇಪ್ಪತ್ತೆಂಟು ಮೂವತ್ತರ ವಯಸ್ಸು, ಮಾತು ಕಡಿಮೆ. ಪುಣೆಯ ದೊಡ್ಡ ಗ್ಯಾರೇಜೊಂದರಲ್ಲಿ ವಿದೇಶಿ ಕಾರುಗಳ ಕೆಲಸ ಕಲಿತು ಬಂದು ಬಿಟಿಎಂನಲ್ಲಿ ಒಂದು ಕೋಣೆ ಹಿಡಿದಿದ್ದ. ಸ್ಕೂಟರನ್ನು ಮೂಲೆಯಲ್ಲಿ ನಿಲ್ಲಿಸುವ ಮೊದಲೇ ಅದರ ರೋಗ ಏನೆಂದು ಅವನಿಗೆ ತಿಳಿದಿರುತ್ತಿತ್ತು. ಅವನಿಗೆ ನಮ್ಮಮ್ಮನ ಕಿವಿ ಇತ್ತು. ಆಗ ನನಗೆ ಹಾಗೆ ಅನ್ನಿಸಿರಲಿಲ್ಲ ಎನ್ನುವುದೇ ಈ ಕಥೆ.

ಮುನಿಯಪ್ಪನವರು ಒಂದು ಕಾರು ಕೊಂಡರು. ಹೊಸದಲ್ಲ. ಜಯನಗರದ ಯಾರೋ ದೊಡ್ಡವರ ಮನೆಯಲ್ಲಿ ಇಪ್ಪತ್ತು ವರ್ಷ ಬಾಳಿದ, ಕೆನೆ ಬಣ್ಣದ, ಉದ್ದ ಮೂತಿಯ ಜರ್ಮನ್ ಕಾರು. ಮುನಿಯಪ್ಪನವರು ಹುಡುಗರಾಗಿದ್ದಾಗ ಬೆಳಗಿನ ಜಾವ ಎತ್ತಿನ ಗಾಡಿಯಲ್ಲಿ ಸೊಪ್ಪು ಹೇರಿಕೊಂಡು ಮಾರ್ಕೆಟ್ಟಿಗೆ ಹೋಗುವಾಗ ಅಂಥದೇ ಕಾರೊಂದು ಅವರನ್ನು ದಾಟಿ ಹೋಗುತ್ತಿತ್ತಂತೆ. "ಸದ್ದೇ ಇಲ್ಲ ಮೇಷ್ಟ್ರೇ, ನಮ್ಮ ಎತ್ತುಗಳು ಕಿವೀನೂ ಆಡಿಸ್ತಿರ್ಲಿಲ್ಲ" ಎಂದು ಹೇಳುತ್ತಿದ್ದರು. ಆ ಕಾರಿಗೆ ಕಾರ್ಬುರೇಟರ್ ಇರಲಿಲ್ಲ. ಪಂಪು ಪೆಟ್ರೋಲನ್ನು ಜೋರಾಗಿ ತಳ್ಳುತ್ತದೆ, ಸಣ್ಣ ಸಣ್ಣ ಮೂತಿಗಳಿಂದ ಅದು ಇಂಜಿನ್ನಿಗೆ ಚಿಮ್ಮುತ್ತದೆ. ಅಮ್ಮನ ಸ್ಟೌವಿನ ದೊಡ್ಡಣ್ಣ ಎಂದುಕೊಳ್ಳಿ. ಫ್ಯೂಯೆಲ್ ಇಂಜೆಕ್ಷನ್ ಎನ್ನುವುದು ನಮ್ಮ ಕಡೆ ಆಗಿನ್ನೂ ಅಪರೂಪ. ಮುನಿಯಪ್ಪನವರು ಅದನ್ನು 'ಇಂಜೆಕ್ಷನ್ ಗಾಡಿ' ಎನ್ನುತ್ತಿದ್ದರು. ಅವರ ಹೆಂಡತಿ ನರಸಮ್ಮ, "ಅದ್ಯಾವ ಕಾಯಿಲೆಗೆ ಇಂಜೆಕ್ಷನ್ನು?" ಎಂದು ಕೇಳುತ್ತಿದ್ದರು.

ಕಾಯಿಲೆ ಇತ್ತು. ಬೆಳಿಗ್ಗೆ ಬೀಗದ ಕೈ ತಿರುಗಿಸಿದರೆ ಕಾರು ತಕ್ಷಣ ಎದ್ದು ನಿಲ್ಲುತ್ತಿತ್ತು. ಓಡಿ ಬಿಸಿಯಾದ ಮೇಲೆ ಎಲ್ಲಾದರೂ ನಿಲ್ಲಿಸಿ, ಇಪ್ಪತ್ತು ನಿಮಿಷ ಬಿಟ್ಟು ಬಂದರೆ ಏನು ಮಾಡಿದರೂ ಏಳುತ್ತಿರಲಿಲ್ಲ. ಮುನಿಯಪ್ಪ ದಂಪತಿ ಅದರಲ್ಲಿ ಹೋಗುತ್ತಿದ್ದುದು ಮುಖ್ಯವಾಗಿ ಒಂದೇ ಕಡೆಗೆ, ಶುಕ್ರವಾರ ಬನಶಂಕರಿ ಗುಡಿಗೆ. ನಿಂಬೆಹಣ್ಣಿನ ದೀಪ ಹಚ್ಚಿ, ಕೈ ಮುಗಿದು, ಪ್ರಸಾದ ತೆಗೆದುಕೊಂಡು ಬರಲು ಸರಿಯಾಗಿ ಇಪ್ಪತ್ತು ನಿಮಿಷವೇ ಬೇಕಾಗುತ್ತಿತ್ತು. ಹೀಗಾಗಿ ಪ್ರತಿ ಶುಕ್ರವಾರ ಗುಡಿಯ ಮುಂದಿನ ಹೂವಿನವರೆಲ್ಲ ಸೇರಿ ಕಾರನ್ನು ತಳ್ಳುತ್ತಿದ್ದರು. ನರಸಮ್ಮ ರೇಷ್ಮೆ ಸೀರೆಯುಟ್ಟು ಒಳಗೆ ತಲೆ ತಗ್ಗಿಸಿ ಕೂತಿರುತ್ತಿದ್ದರು. "ತೇರು ಎಳೆದಂಗೆ ಎಳೀತಾರೆ ಮೇಷ್ಟ್ರೇ. ನಾನೇನು ದೇವ್ರಾ?" ಎಂದು ಒಮ್ಮೆ ನಮ್ಮಿಬ್ಬರೆದುರು ಕಣ್ಣೀರು ಹಾಕಿದರು.

ಬಸವರಾಜ ಕಾರಿನ ಕೆಳಗೆ ಒಂದು ಗಂಟೆ ಮಲಗಿ, ಎದ್ದು ಬಂದು ಹೇಳಿದ. ಹಿಂದಿನ ಚಕ್ರದ ಹತ್ತಿರ, ಪೆಟ್ರೋಲ್ ಪಂಪಿನ ಪಕ್ಕ, ಸಣ್ಣ ಲೋಟದಷ್ಟು ಗಾತ್ರದ ಒಂದು ಡಬ್ಬಿ ಇದೆ. ಇಂಜಿನ್ ನಿಲ್ಲಿಸಿದ ಮೇಲೂ ಪೈಪಿನಲ್ಲಿ ಒತ್ತಡ ಇಳಿಯದಂತೆ ಹಿಡಿದಿಡುವುದು ಅದರ ಕೆಲಸ. ಅದು ಹೋಗಿದೆ. ಒತ್ತಡ ಇಲ್ಲದ ಪೆಟ್ರೋಲು ಇಂಜಿನ್ನಿನ ಬಿಸಿಗೆ ಪೈಪಿನೊಳಗೇ ಆವಿಯಾಗುತ್ತದೆ, ಆಮೇಲೆ ಗಾಡಿ ಏಳುವುದಿಲ್ಲ. ಬೇರೆ ಡಬ್ಬಿ ಹಾಕಬೇಕು, ಅದು ಹೊರದೇಶದಿಂದ ತರಿಸಬೇಕಾದ ಸಾಮಾನು.

ಮುನಿಯಪ್ಪನವರು ನನ್ನ ಹತ್ತಿರ ಬಂದರು. "ನೀವು ಓದಿದೋರು ಮೇಷ್ಟ್ರೇ. ಅವ್ನು ಹೇಳೋದು ದಿಟಾನಾ, ಒಂದ್ಸಲ ನೋಡಿ."

ನಾನು ಹಿಗ್ಗಿಹೋದೆ. ಇಷ್ಟು ವರ್ಷ ಬೋರ್ಡಿನ ಮೇಲೆ ಮಾತ್ರ ಓಡಿಸಿದ್ದ ಇಂಜಿನ್ನು ನೆಲಕ್ಕಿಳಿದು ನನ್ನನ್ನು ಕರೆಯುತ್ತಿತ್ತು. ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದೆ. ಇಂಧನದ ಒತ್ತಡ ಪರೀಕ್ಷಿಸುವುದು ಹೇಗೆ ಎಂಬ ಅಧ್ಯಾಯ ತೆಗೆದು, ಅರ್ಥವಾದ ಸಾಲುಗಳಿಗೆ ಕೆಂಪು ಗೆರೆ ಎಳೆದೆ. ಮೊದಲ ಪುಟವೆಲ್ಲ ಕೆಂಪಾಯಿತು. ಅಷ್ಟು ಗೊತ್ತಾದ ಮೇಲೆ ಮುಂದಿನ ಪುಟವನ್ನು ತಿರುವುವ ಅಗತ್ಯ ಕಾಣಲಿಲ್ಲ. ಲ್ಯಾಬಿನಿಂದ ರಬ್ಬರ್ ಕೊಳವೆಯಿದ್ದ ಒಂದು ಪ್ರೆಶರ್ ಗೇಜನ್ನು ಕೇಳಿ ತಂದೆ.

ಭಾನುವಾರ ಬೆಳಿಗ್ಗೆ ಶೆಡ್ಡಿನಲ್ಲಿ ಪರೀಕ್ಷೆ. ಮುನಿಯಪ್ಪನವರು ಕುರ್ಚಿ ಹಾಕಿಸಿಕೊಂಡು ಕೂತರು. ಅಕ್ಕಪಕ್ಕದ ಒಂದಿಬ್ಬರು ಬಾಡಿಗೆದಾರರೂ ನೋಡಲು ಬಂದರು. ಮರಳಿನ ಬಕೆಟ್ಟು ತಂದಿಟ್ಟವನು ಬಸವರಾಜ. ಪೈಪು ಬಿಚ್ಚಿ, ಚಿಮ್ಮಿದ ಪೆಟ್ರೋಲನ್ನು ಬಟ್ಟೆಯಲ್ಲಿ ಹಿಡಿದು, ನಡುವೆ ಗೇಜು ಜೋಡಿಸಿ ಬಿಗಿ ಮಾಡಿದವನೂ ಅವನೇ. ನಾನು ಮಾಡಿದ್ದು ಕನ್ನಡಕ ಹಾಕಿಕೊಂಡದ್ದು. ಅವನು ಇಂಜಿನ್ ಶುರು ಮಾಡಿದ. ಮುಳ್ಳು ನಡುಗುತ್ತ ಮೇಲೇರಿ ಐದು ಬಾರ್ ಗುರುತಿನ ಹತ್ತಿರ ಗಟ್ಟಿಯಾಗಿ ನಿಂತಿತು. ಪುಸ್ತಕದಲ್ಲಿ ಇದ್ದದ್ದೂ ಅದೇ ಅಂಕಿ. ನನಗಾದ ಸಂತೋಷ ಹೇಳತೀರದು.

"ಒತ್ತಡ ಸರಿಯಾಗಿದೆ!" ಎಂದು ಘೋಷಿಸಿದೆ.

ಬಸವರಾಜ ಇಂಜಿನ್ ನಿಲ್ಲಿಸಿ ಹತ್ತಿರ ಬಂದ. "ಸರ, ಓಡೋವಾಗ ಸರಿ ಇರತೈತ್ರಿ. ಪಂಪ್ ತಳ್ಳಾಕತ್ತಿರತೈತಿ. ಈಗ ಬಂದ್ ಮಾಡೇನಿ ನೋಡ್ರಿ. ಇಪ್ಪತ್ತು ಮಿನಿಟ್ ಹಿಂಗ ಬಿಡೋಣು. ಮುಳ್ಳು ಎಲ್ಲಿ ನಿಂದರತೈತಿ, ಅದನ್ನ ನೋಡಬೇಕ್ರಿ."

ಅವತ್ತು ಜಯನಗರದಲ್ಲಿ ನಮ್ಮ ನೆಂಟರ ಮನೆಯ ನಾಮಕರಣವಿತ್ತು. ಸುಧಾ ಆಗಲೇ ಎರಡು ಸಲ ರಸ್ತೆಯ ತುದಿಗೆ ಬಂದು ಇಣುಕಿ ಹೋಗಿದ್ದಳು. ಇದು ನಿಜವಾದ ಕಾರಣವಲ್ಲ, ಬಿಡಿ. ಊಟ ಮಧ್ಯಾಹ್ನಕ್ಕಿತ್ತು. ನಾಲ್ಕು ಜನರೆದುರು ನಾನು ಹೇಳಿ ಮುಗಿಸಿದ ಮಾತಿಗೆ ಕೈಯೆಲ್ಲ ಗ್ರೀಸು ಮೆತ್ತಿಕೊಂಡವನೊಬ್ಬ ಬಾಲ ಸೇರಿಸುತ್ತಿದ್ದಾನಲ್ಲ ಎಂದು ರೇಗಿತು.

"ನಿಂತ ಇಂಜಿನ್ನಿನ ಒತ್ತಡ ನೋಡಿ ಏನು ಮಾಡ್ತೀಯಪ್ಪ? ಸತ್ತವನ ನಾಡಿ ಹಿಡಿದಂಗೆ" ಎಂದೆ. ಎಲ್ಲರೂ ನಕ್ಕರು.

ಮುನಿಯಪ್ಪನವರು ನಗಲಿಲ್ಲ. "ಅಂಗಾದ್ರೆ ಆ ಡಬ್ಬಿ ಓಗೈತೆ ಅಂದಿದ್ದು?" ಎಂದು ಕೇಳಿದರು.

ಇಲ್ಲಿ ನಾನು ಸುಮ್ಮನಿದ್ದಿದ್ದರೂ ಸಾಕಿತ್ತು. ನಗು ಬಂದರೆ ಇನ್ನೊಂದು ತಮಾಷೆ ಮಾಡುವ ದುರಭ್ಯಾಸ ಕ್ಲಾಸಿನಿಂದ ಅಂಟಿಕೊಂಡದ್ದು. "ಗ್ಯಾರೇಜಿನವರಿಗೆ ಒಂದು ಪಾರ್ಟಾದ್ರೂ ಬದಲಾಯಿಸ್ದೆ ಉಂಡ ಅನ್ನ ಅರಗಲ್ಲ ಬಿಡಿ" ಎಂದೆ. ಮತ್ತೆ ನಗು. ಬಸವರಾಜ ನನ್ನ ಮುಖವನ್ನೇ ನೋಡಿದ. ಬಗ್ಗಿ ಗೇಜನ್ನು ಬಿಚ್ಚಿ, ಒರೆಸಿ, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ. ನಾನು ನಾಮಕರಣಕ್ಕೆ ಹೋಗಿ ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡೆ.

ಮುನಿಯಪ್ಪನವರು ಕೆಟ್ಟವರಲ್ಲ. ನಂಬಿದವರನ್ನು ಪೂರ್ತಿ ನಂಬುವವರು. ಅಂಥವರಿಗೆ ಒಮ್ಮೆ ಅನುಮಾನ ಹೊಕ್ಕರೆ ಅದೂ ಪೂರ್ತಿಯೇ. "ಜಾಗ ಕೊಟ್ಟು ಮಗನ ಥರ ನೋಡ್ಕೊಂಡೆ, ನನಗೇ ಟೋಪಿ ಹಾಕೋಕೆ ಬಂದ್ನಲ್ಲ" ಎಂದರಂತೆ. ಮುಂದಿನ ವಾರದೊಳಗೆ ಶೆಡ್ಡು ಖಾಲಿ ಮಾಡಲು ಹೇಳಿದರು. ಅವನು ವಾದ ಮಾಡಲಿಲ್ಲವಂತೆ.

ಅವನು ಖಾಲಿ ಮಾಡಿದ ದಿನ ಸಂಜೆ ನಾನು ಕಾಲೇಜಿನಿಂದ ಬರುತ್ತಿದ್ದೆ. ಶೆಡ್ಡಿನ ಮುಂದೆ ಒಂದು ಟೆಂಪೋ ನಿಂತಿತ್ತು. ಬಸವರಾಜ ಜಾಕುಗಳನ್ನೂ ಸಾಮಾನಿನ ಪೆಟ್ಟಿಗೆಯನ್ನೂ ಒಬ್ಬನೇ ಹೇರುತ್ತಿದ್ದ. ನನ್ನ ಸ್ಕೂಟರಿನ ಸದ್ದಿಗೆ ತಲೆಯೆತ್ತಿದ. ನಾನು ವೇಗ ಕಡಿಮೆ ಮಾಡಿದೆ. ನಿಲ್ಲಿಸಿ ಒಂದು ಕೈ ಹಿಡಿಯಬಹುದಿತ್ತು. ಕೊನೆಗೆ, 'ಎಲ್ಲಿಗೆ ಹೋಗ್ತೀಯ?' ಎಂದಾದರೂ ಕೇಳಬಹುದಿತ್ತು. "ಸರ, ಬೇರಿಂಗ್ ಸದ್ದು ಬರಾಕತ್ತೈತಿ, ಹಂಗ ಬಿಡಬ್ಯಾಡ್ರಿ" ಎಂದು ಅವನೇ ಕೂಗಿ ಹೇಳಿದ. ನಾನು ತಲೆಯಾಡಿಸಿ ಮುಂದೆ ಹೋಗಿಬಿಟ್ಟೆ. ಎಂದಿನಂತೆ ನನಗೆ ಆ ಸದ್ದೂ ಕೇಳಿಸಿರಲಿಲ್ಲ.

ಕಾರು ಮಾತ್ರ ಶುಕ್ರವಾರ ಶುಕ್ರವಾರ ನಿಲ್ಲುತ್ತಲೇ ಇತ್ತು. ಅವರೆಕಾಯಿ ಕಾಲಕ್ಕೆ ಮುನಿಯಪ್ಪನವರು ಮತ್ತೆ ಬಂದು, "ಮೇಷ್ಟ್ರೇ, ಇನ್ನೊಂದ್ಸಲ ನಿಮ್ ಮೀಟ್ರು ಹಾಕ್ ನೋಡಿ" ಎಂದರು. ಕೋಣನಕುಂಟೆಯಲ್ಲಿ ಅವರ ಮನೆಯ ಮುಂದೆ ಈ ಸಲ ನಾನೇ ಪೈಪು ಬಿಚ್ಚಿದೆ. ಅಂಗಿಯೆಲ್ಲ ಪೆಟ್ರೋಲಾಯಿತು. ಬಸವರಾಜ ಹತ್ತು ನಿಮಿಷದಲ್ಲಿ ಮಾಡಿದ್ದ ಕೆಲಸಕ್ಕೆ ನನಗೆ ಒಂದೂವರೆ ಗಂಟೆ ಬೇಕಾಯಿತು. ಇಂಜಿನ್ ಓಡಿಸಿದೆ. ಮುಳ್ಳು ಮತ್ತೆ ಅದೇ ಐದರ ಹತ್ತಿರ. ಇಂಜಿನ್ ನಿಲ್ಲಿಸಿ ಗೇಜು ಬಿಚ್ಚಬೇಕು ಎನ್ನುವಷ್ಟರಲ್ಲಿ ನರಸಮ್ಮ ಒಳಗಿನಿಂದ ಕೂಗಿದರು. "ಮೇಷ್ಟ್ರೇ, ಅವರೇಕಾಳು ಉಪ್ಪಿಟ್ಟು ಆರೋಗ್ತದೆ, ಬನ್ನಿ!"

ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದೆ. ಗೇಜಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.

ಗಾಜಿಗೆ ಬೆರಳಿನಿಂದ ತಟ್ಟಿದೆ. ಅಲುಗಾಡಲಿಲ್ಲ. ಬೀಗದ ಕೈ ತಿರುಗಿಸಿದೆ. ಇಂಜಿನ್ ಏಳಲಿಲ್ಲ. ಮನೆಗೆ ಹೋದವನೇ ಪುಸ್ತಕ ತೆಗೆದು, ಕೆಂಪು ಗೆರೆಯ ಪುಟವನ್ನು ತಿರುವಿದೆ. ಇಂಜಿನ್ ನಿಲ್ಲಿಸಿದ ಮೇಲೆ ಇಪ್ಪತ್ತು ನಿಮಿಷ ಕಾಯಬೇಕು, ಒತ್ತಡ ಇಷ್ಟಕ್ಕಿಂತ ಕೆಳಗಿಳಿದರೆ ಮೊದಲು ಆ ಡಬ್ಬಿಯನ್ನು ಅನುಮಾನಿಸಬೇಕು ಎಂದು ಮೊದಲನೇ ಸಾಲಿನಲ್ಲೇ ಇತ್ತು. ಬಸವರಾಜ ಆ ಪುಸ್ತಕ ಓದಿದವನಲ್ಲ.

ಮುನಿಯಪ್ಪನವರಿಗೆ ಪುಸ್ತಕದಲ್ಲಿದ್ದ ಇಂಗ್ಲಿಷ್ ಹೆಸರನ್ನಷ್ಟೇ ಹೇಳಿ ಹೊಸ ಡಬ್ಬಿ ತರಿಸಿ ಹಾಕಿಸಿದ್ದಾಯಿತು; ಇದೂ ಬಸವರಾಜ ಹೇಳಿದ್ದೂ ಒಂದೇ ಎಂದು ಅವರಿಗೆ ಹೊಳೆಯಲಿಲ್ಲ. ಮುಂದಿನ ಶುಕ್ರವಾರ ಮುನಿಯಪ್ಪನವರು ನನ್ನನ್ನೂ ಸುಧಾಳನ್ನೂ ಗುಡಿಗೆ ಕರೆದುಕೊಂಡು ಹೋದರು. ದೀಪ ಹಚ್ಚಿ, ಪ್ರದಕ್ಷಿಣೆ ಹಾಕಿ ಹೊರಗೆ ಬಂದೆವು. ಹೂವಿನವರು ರೂಢಿಯಂತೆ ಎದ್ದು ಕಾರಿನ ಹಿಂದೆ ಬಂದು ನಿಂತಿದ್ದರು. ಬೀಗದ ಕೈ ತಿರುಗಿಸಿದ್ದೇ ತಡ, ಇಂಜಿನ್ ಸದ್ದಿಲ್ಲದೆ ಎದ್ದಿತು. ನರಸಮ್ಮ ಮೊದಲ ಸಲ ತಲೆಯೆತ್ತಿ ಕೂತರು. ಮುನಿಯಪ್ಪನವರು ಕಿಟಕಿಯಿಂದ ಕೈ ಚಾಚಿ ಹೊರಗೆ ನಿಂತಿದ್ದ ನನ್ನ ಹೆಗಲು ತಟ್ಟಿ, "ನಮ್ಮ ಮೇಷ್ಟ್ರು ಕಂಡಿಡಿದಿದ್ದು! ಇನ್ನು ನಿಮಗ್ಯಾರಿಗೂ ತಳ್ಳೋ ಕೆಲಸ ಇಲ್ಲ!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಹೇಳಲೆಂದು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಅಷ್ಟರಲ್ಲಿ ನರಸಮ್ಮ ನನ್ನ ಕೈಗೆ ಪ್ರಸಾದದ ಮೊಸರನ್ನ ಇಟ್ಟರು. ತೆರೆದ ಬಾಯಿಗೆ ಅದನ್ನು ಹಾಕಿಕೊಂಡೆ. ದಾರಿಯುದ್ದಕ್ಕೂ ಸುಧಾ ನನ್ನನ್ನು ನೋಡುತ್ತಿದ್ದಳು. ಮನೆಗೆ ಬಂದ ಮೇಲೆ ಒಂದೇ ಮಾತು ಕೇಳಿದಳು. "ಆ ಬಸವರಾಜ ಹೇಳಿದ್ದೂ ಅದೇ ಡಬ್ಬೀನೇ ಅಲ್ವಾ?"

"ಹೇಳ್ತೀನಿ ಕಣೆ, ಸಮಯ ನೋಡಿ ಹೇಳ್ತೀನಿ" ಎಂದೆ.

ಸಮಯ ನೋಡುವುದರಲ್ಲಿ ಹತ್ತು ವರ್ಷ ಕಳೆಯಿತು. ನಾವು ಕುಮಾರಸ್ವಾಮಿ ಲೇಔಟಿಗೆ ಮನೆ ಬದಲಾಯಿಸಿದೆವು. ಮುನಿಯಪ್ಪನವರು ಹಬ್ಬಕ್ಕೆ, ಮದುವೆಗೆ ಸಿಗುತ್ತಿದ್ದರು. ಸಿಕ್ಕಾಗಲೆಲ್ಲ, ಇವತ್ತು ಹಬ್ಬ, ಇವತ್ತು ಬೇಡ ಎಂದುಕೊಳ್ಳುತ್ತಿದ್ದೆ. ಬಸವರಾಜ ಎಲ್ಲೋ ಇದಕ್ಕಿಂತ ದೊಡ್ಡ ಗ್ಯಾರೇಜು ಹಾಕಿರುತ್ತಾನೆ, ಕೈಯಲ್ಲಿ ವಿದ್ಯೆ ಇರುವವನಿಗೇನು ಎಂದು ನನಗೆ ನಾನೇ ಹೇಳಿಕೊಂಡು ನಂಬಿಯೂ ಬಿಟ್ಟಿದ್ದೆ.

ಮುನಿಯಪ್ಪನವರು ಒಂದು ದಿನ ಬೆಳಿಗ್ಗೆ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ತಿಥಿ ಕಳೆದ ಮೇಲೆ ನರಸಮ್ಮನವರನ್ನು ಮಾತಾಡಿಸಿಕೊಂಡು ಬರಲು ಹೋದೆ. ಅದೂ ಇದೂ ಮಾತಿನ ನಡುವೆ ಅವರೇ ಅಂದರು. "ಕಾರ್ ಒರೆಸುವಾಗೆಲ್ಲ ಆ ಗದಗದ ಹುಡುಗನ್ನ ನೆನೆಸ್ಕೊಳ್ಳೋರು ಮೇಷ್ಟ್ರೇ. ಎಂಥಾ ಕೆಲಸಗಾರ, ಯಾಕಂಗೆ ನನಗೆ ಸುಳ್ಳು ಹೇಳ್ದ, ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ ಅಂತ. ಹೋದ್ ತಿಂಗಳೂ ಅಂದ್ರು."

ಮನೆಗೆ ಬಂದು ಸುಧಾಳಿಗೆ ಹೇಳಿದಾಗ ಅವಳು, "ಇನ್ನೊಬ್ಬನಾದ್ರೂ ಇದ್ದಾನಲ್ಲ, ಹೋಗಿ ಹೇಳಿ" ಎಂದಳು.

ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದೆ. ನಾಲ್ಕನೆಯ ಅಂಗಡಿಯವನಿಗೆ ಗೊತ್ತಿತ್ತು. ಬಿಟಿಎಂನ ಅಪಾರ್ಟ್‌ಮೆಂಟೊಂದರಲ್ಲಿ ಜನರೇಟರು, ನೀರಿನ ಮೋಟಾರು ನೋಡಿಕೊಂಡಿದ್ದಾನೆ ಎಂದು ಹೇಳಿ ವಿಳಾಸ ಕೊಟ್ಟ. ಒಂದು ಸಂಜೆ ಹೋದೆ. ಎರಡನೆಯ ಮಹಡಿಯಲ್ಲಿ ಪುಟ್ಟ ಮನೆ. ಬಾಗಿಲು ತೆರೆದವನ ಕೂದಲು ಅರ್ಧ ಬೆಳ್ಳಗಾಗಿತ್ತು. ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು, ನನಗೆ. ಅವನಿಗೆ ಬೇಕಾಗಲಿಲ್ಲ.

"ಬರ್ರಿ ಸರ, ಒಳಗ ಬರ್ರಿ."

ಚಹಾ ಮಾಡಿ ತಂದ. ಹೆಂಡತಿ ಊರಿಗೆ ಹೋಗಿದ್ದಳಂತೆ. "ಮತ್ತೆ ಗ್ಯಾರೇಜು?" ಎಂದೆ. ಹಾಕಲಿಲ್ಲವಂತೆ. ಮುನಿಯಪ್ಪನವರು ಜಾಗ ಬಿಡಿಸಿದವನು ಎಂದರೆ ಆ ಭಾಗದಲ್ಲಿ ಯಾರೂ ಜಾಗ ಕೊಡಲಿಲ್ಲ, ಆಮೇಲೆ ತನಗೂ ಮನಸ್ಸಾಗಲಿಲ್ಲ ಎಂದ. ದೂರು ಹೇಳುವ ದನಿಯಲ್ಲ, ಬಸ್ಸು ತಪ್ಪಿತು ಎಂದಷ್ಟೇ ಸಲೀಸಾಗಿ. ನಾನು ಚಹಾದ ಲೋಟ ಕೆಳಗಿಟ್ಟು, ಉಪ್ಪಿಟ್ಟಿನಿಂದ ಹಿಡಿದು ಮೊಸರನ್ನದವರೆಗೆ ಎಲ್ಲವನ್ನೂ ಹೇಳಿದೆ. ಅವನು ತಲೆ ಬಗ್ಗಿಸಿಕೊಂಡು ಕೇಳಿದ.

"ಅದು ಆ ಡಬ್ಬೀನ ಅಂತ ನನಗ ಗೊತ್ತಿತ್ತಲ್ರಿ ಸರ" ಎಂದ. "ನನಗ್ಯಾಕ ಹೇಳಾಕ ಬಂದ್ರಿ? ಮುನಿಯಪ್ಪಾರಿಗೆ ಹೇಳೀರಿಲ್ಲೋ?"

"ಅವರು ಹೋಗಿ ತಿಂಗಳಾಯ್ತು ಬಸವರಾಜ" ಎಂದೆ.

ಅವನಿಗೆ ಅದು ತಿಳಿದಿರಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಕೆಳಗೆ ರಸ್ತೆಯಲ್ಲಿ ವಾಹನಗಳ ಹಾರನ್ ಸದ್ದು ಒಂದೇ ಸಮನೆ ಕೇಳುತ್ತಿತ್ತು. ನನ್ನ ಕಡೆ ತಿರುಗದೆಯೇ ಹೇಳಿದ. "ಹಂಗಾರ ಅವರು ನನ್ನ ಕಳ್ಳ ಅಂತನ ತಿಳ್ಕೊಂಡು ಹ್ವಾದ್ರು."

ಕ್ಷಮಿಸು ಎಂಬ ಮಾತನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಅದನ್ನು ಆಡಿದರೆ ಅವನು ನನ್ನನ್ನೇ ಸಮಾಧಾನ ಮಾಡಬೇಕಾಗುತ್ತದೆ ಎನ್ನಿಸಿ ಆಡಲೂ ಆಗಲಿಲ್ಲ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅವನ ಮಗಳು ಟ್ಯೂಷನ್ ಮುಗಿಸಿ ಬಂದಳು. ಹೈಸ್ಕೂಲಿನ ಹುಡುಗಿ, ಹೆಗಲಲ್ಲಿ ಭಾರದ ಚೀಲ. ನನ್ನನ್ನು ಕಂಡು, ಇವರು ಯಾರು ಎಂಬಂತೆ ಅಪ್ಪನ ಮುಖ ನೋಡಿದಳು. ಬಸವರಾಜ ಕಣ್ಣೊರೆಸಿಕೊಂಡು ಇತ್ತ ತಿರುಗಿದ.

"ಇವರು ಕಾಲೇಜಿನ್ಯಾಗ ಕಲಿಸೋ ಸರ ಅದಾರವ್ವ" ಎಂದ. "ಗಾಡೀದು ಭಾಳ ತಿಳಕೊಂಡೋರು. ನಮಸ್ಕಾರ ಮಾಡು."

ಆ ಮಾತಿನಲ್ಲಿ ಕೊಂಕಿದೆಯೇನೋ ಎಂದು ಅವನ ಮುಖದಲ್ಲಿ ಹುಡುಕಿದೆ. ಇರಲಿಲ್ಲ. ಹುಡುಗಿ ಚೀಲ ಕೆಳಗಿಟ್ಟು ಬಗ್ಗಿದಳು. ಬೇಡಮ್ಮ ಎಂದು ನಾನು ಕಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಅವಳ ಬೆರಳು ತಾಗಿಯಾಗಿತ್ತು.